ತೆರಕಣಾಂಬಿ ದಾಟದ ವಿಮಾನ

ಡ್ರೈವರ್ ರಾಚಯ್ಯನ ಬೆನ್ನ ಹಿಂದಿನ ಸೀಟಿನಲ್ಲೇ ಕುಳಿತಿದ್ದ ಶಿವರುದ್ರಸ್ವಾಮಿ, ಬಸ್ಸು ಗುಂಡ್ಲುಪೇಟೆ ಬಿಟ್ಟಾಗಿನಿಂದ ಒಂದೇ ಸಮನೆ ವಿಮಾನದ ಮಾತನ್ನೇ ಆಡುತ್ತಿದ್ದ.

"ಬೊಂಬಾಯಿಂದ ಲಂಡನ್ನಿಗೆ ಐದು ಸಾವಿರ ಮೈಲಿ. ಹಡಗಿನಲ್ಲಿ ಮೂರು ವಾರ. ವಿಮಾನದಲ್ಲಿ ಒಂದು ಹಗಲು, ಒಂದು ರಾತ್ರಿ, ಅಷ್ಟೇ!"

"ಅಲ್ಲೀಗಂಟ ಉಚ್ಚೆ ಉಯ್ಯಕ್ಕೆ ಎಲ್ಲಿ ನಿಲ್ಲಿಸ್ತಾರೆ ಬುದ್ಧಿ?" ಎಂದು ಹಿಂದಿನಿಂದ ಯಾರೋ ಕೇಳಿದರು. ಬಸ್ಸೆಲ್ಲ ನಕ್ಕಿತು. ರಾಚಯ್ಯ ನಗಲಿಲ್ಲ.

ಎರಡು ವರ್ಷದ ಹಿಂದೆ ಇದೇ ಶಿವರುದ್ರಸ್ವಾಮಿ ರಾಚಯ್ಯನ ತಂಗಿ ಚಂದ್ರಮತಿಯೊಡನೆ ಮದುವೆಗೆ ಒಪ್ಪುವೀಳ್ಯ ಮಾಡಿಕೊಂಡಿದ್ದ. ಚಾಮರಾಜನಗರದ ರೇಷ್ಮೆ ವ್ಯಾಪಾರಿಯೊಬ್ಬ ಮಗಳನ್ನೂ ಲಂಡನ್ನಿನ ಓದಿನ ಖರ್ಚನ್ನೂ ಒಟ್ಟಿಗೇ ಕೊಡುತ್ತೇನೆಂದಾಗ, "ವಿಮಾನ ಹತ್ತುವವನಿಗೆ ಬಸ್ಸು ಓಡಿಸುವವನ ತಂಗಿಯೇ?" ಎಂದು ಹೇಳಿಕಳಿಸಿ ವೀಳ್ಯ ಮುರಿದಿದ್ದ. ಅಂದಿನಿಂದ ಚಂದ್ರಮತಿ ನೀರಿಗೂ ಹೊಸಿಲು ದಾಟಿದವಳಲ್ಲ.

ಇಂದು ಅವನು ಚಾಮರಾಜನಗರದಲ್ಲಿ ಮೂರು ಗಂಟೆಯ ರೈಲು ಹಿಡಿಯಬೇಕು. ಸ್ಟೇಷನ್ನಿನಲ್ಲಿ ಆ ರೇಷ್ಮೆ ವ್ಯಾಪಾರಿ ಮಾವ ಹಾರ ಹಿಡಿದು ಕಾದಿದ್ದಾನೆ. ಆ ರೈಲು ತಪ್ಪಿದರೆ ನಾಳೆ ಬೆಳಿಗ್ಗೆ ಬೆಂಗಳೂರಿನಿಂದ ಹೊರಡುವ ವಿಮಾನ ತಪ್ಪಿತು, ಬೊಂಬಾಯಿಯ ವಿಮಾನವೂ ತಪ್ಪಿತು. ಇದನ್ನೆಲ್ಲ ಅವನೇ ಬಸ್ಸಿಗೆಲ್ಲ ಸಾರಿದ್ದ. ರಾಚಯ್ಯನ ಹೊಟ್ಟೆಯಲ್ಲಿ ಬೂದಿ ಮುಚ್ಚಿಕೊಂಡಿದ್ದ ಕೆಂಡ ಕಣ್ಣು ತೆರೆಯಿತು.

ಅವನು ತಪ್ಪನ್ನೇನೂ ಮಾಡಲಿಲ್ಲ. ಆ ದಾರಿಯ ಪದ್ಧತಿಯನ್ನು ಚಾಚೂ ತಪ್ಪದೆ ಪಾಲಿಸಿದ, ಅಷ್ಟೆ. ಕೈ ತೋರಿಸಿದವರಿಗೆಲ್ಲ ನಿಲ್ಲಿಸಿದ. ತೆರಕಣಾಂಬಿಯಲ್ಲಿ, ದಿನವೂ ಬಸ್ಸಿಗೆ ಬರುವ ಮುದುಕಿ ಸಣ್ಣತಾಯಮ್ಮನ ಮನೆಯೊಳಗಿಂದ "ಅವ್ವ ಉಣ್ತಾ ಕುಂತವ್ಳೆ, ವಸಿ ಇರಿ!" ಎಂಬ ಕೂಗು ಬಂದಾಗ ಎಂಜಿನ್ನನ್ನೇ ಆರಿಸಿದ.

"ನಿಧಾನಕ್ಕೆ ಉಣ್ಣು ಕಣವ್ವಾ, ಮಜ್ಜಿಗೆ ಬುಟ್ಟುಬುಟ್ಟು ಬಂದೀಯೆ!"

ಶಿವರುದ್ರಸ್ವಾಮಿ ಗಡಿಯಾರ ನೋಡಿ ಬೆವತ. "ರಾಚಯ್ಯಾ, ರೈಲು!"

"ಆವಮ್ಮ ದಿನಾ ಬರೋಳು ಸ್ವಾಮ್ಯೋರೆ. ನೀವು ಒಂದಿನದೋರು."

"ನಿನ್ನ ಕಾಲಿಗೆ ಬೀಳ್ತೀನಿ ಕಣಯ್ಯ."

"ಕಾಲು ಬ್ಯಾಡಿ. ನನ್ ತಂಗಿ ಮ್ಯಾಲೆ ಆಡಿದ ಮಾತ ಎಲ್ಲರ ಮುಂದೆ ವಾಪಸ್ ತಕ್ಕಳಿ."

ಶಿವರುದ್ರಸ್ವಾಮಿ ಎದ್ದು ನಿಂತ. ಗಡಿಯಾರದಿಂದ ಕಣ್ಣು ಕೀಳದೆಯೇ, "ಚಂದ್ರಮತಿ ಚಿನ್ನದಂಥ ಹುಡುಗಿ. ತಪ್ಪು ನಂದು. ಆಯ್ತಾ? ಬುಡು ಗಾಡಿಯ!" ಎಂದ.

ಆ 'ಆಯ್ತಾ' ರಾಚಯ್ಯನ ಎದೆಗೆ ಮುಳ್ಳಿನಂತೆ ನಾಟಿತು. ಕ್ಷಮೆಯನ್ನೂ ಟಿಕೆಟ್ಟು ಹರಿದಂತೆ ಹರಿದು ಕೊಟ್ಟಿದ್ದ!

ಮುದುಕಿ ಹತ್ತಿದಳು, ಗಾಡಿ ಹೊರಟಿತು. ಒಂದು ಫರ್ಲಾಂಗು ಹೋಗುವಷ್ಟರಲ್ಲಿ, ದೂರದ ಹೊಲದಲ್ಲಿ ಹುಲ್ಲಿನ ಹೊರೆ ಹೊತ್ತವನೊಬ್ಬ ಕೈಯೆತ್ತಿದ. ರಸ್ತೆಗೆ ಬರಲು ಅವನು ಇನ್ನೂ ಎರಡು ಹೊಲ, ಒಂದು ಹಳ್ಳ ದಾಟಬೇಕಿತ್ತು. ರಾಚಯ್ಯ ಬ್ರೇಕು ಒತ್ತಿದ. ಸೊಂಟದ ಚೀಲ ಬಿಚ್ಚಿ, ವೀಳ್ಯದೆಲೆಯೊಂದನ್ನು ತೊಡೆಗೆ ಒರೆಸಿ, ನಿಧಾನವಾಗಿ ಸುಣ್ಣ ಸವರತೊಡಗಿದ.

ಚಾಮರಾಜನಗರದ ಸ್ಟೇಷನ್ನು ಮುಟ್ಟಿದಾಗ ಹಳಿಯ ಮೇಲೆ ಹೊಗೆಯಷ್ಟೇ ಉಳಿದಿತ್ತು. ಮಾವನ ಕೈಯ ಹಾರ ಬಿಸಿಲಿಗೆ ಬಾಡಿತ್ತು. ರಾಚಯ್ಯ ತಾನೇ ಬಸ್ಸಿನ ಮೇಲೇರಿ, ಲಂಡನ್ನಿನ ವಿಳಾಸ ಬರೆದಿದ್ದ ಟ್ರಂಕನ್ನು ಇಳಿಸಿ, ಜತನದಿಂದ ಶಿವರುದ್ರಸ್ವಾಮಿಯ ಕಾಲ ಬಳಿಯಿಟ್ಟ.

"ಸಾಯಂಕಾಲ ಗುಂಡ್ಲುಪೇಟೆಗೆ ವಾಪಸ್ ಓಯ್ತೀವಿ ಸ್ವಾಮ್ಯೋರೆ. ಮುಂದ್ಗಡೆ ಸೀಟೇ ಮಡಗಿರ್ತೀನಿ," ಎಂದ. "ನೀವು ಬರಗಂಟ ಕಾಯ್ತೀನಿ ಬುಡಿ."