ಪೇಟ ಕಟ್ಟಿದ ಅಡುಗೆಯವನು

ಚಾರ್ಲ್ಸ್‌ಟನ್ನಿನ ನೌಕಾಪಡೆಯ ಹಡಗುಕಟ್ಟೆ ಮುಚ್ಚಿದ ವರ್ಷ, ಅಲ್ಲಿನ ಹಳೆಯ ಫೋಟೋಗಳನ್ನು ಊರಿನ ಸಣ್ಣದೊಂದು ಮ್ಯೂಸಿಯಮ್ಮಿನಲ್ಲಿ ಪ್ರದರ್ಶನಕ್ಕಿಟ್ಟರು. ಲ್ಯಾನ್‌ಹ್ಯಾಮಿನ ಡಾಕ್ಟರ್ ವರಲಕ್ಷ್ಮಿ, ಗಂಡ ಗೋಪಿನಾಥನೊಂದಿಗೆ ಒಂಬತ್ತು ಗಂಟೆ ಕಾರಿನಲ್ಲಿ ಕೂತು ಹೋದದ್ದು ಒಂದೇ ಒಂದು ಫೋಟೋಗಾಗಿ. 1919ರಲ್ಲಿ, ಸೋತ ಜರ್ಮನಿಯ ಎರಡು ಜಲಾಂತರ್ಗಾಮಿಗಳು ಆ ಕಟ್ಟೆಗೆ ಬಂದಾಗ ತೆಗೆದದ್ದು ಅದು. ನಾವಿಕರ ಸಾಲಿನ ತುದಿಯಲ್ಲಿ ಅವಳ ತಾತ ಸೂರ್ಯನಾರಾಯಣ ನಿಂತಿದ್ದರು. ಮೈಸೂರಿನಿಂದ ಎಂಜಿನಿಯರಿಂಗ್ ಕಲಿಯಲು ಬಂದು, ಆ ಜಲಾಂತರ್ಗಾಮಿಗಳನ್ನು ನೋಡಲು ಹೋಗಿದ್ದವರು, ಫೋಟೋವನ್ನು ಊರಿನಲ್ಲಿ ತಮ್ಮ ಅಮ್ಮ ನೋಡುತ್ತಾಳೆಂದು ಅವತ್ತು ಸೂಟು ಬಿಟ್ಟು ಕಚ್ಚೆಪಂಚೆ ಉಟ್ಟು, ಬಿಳಿ ಪೇಟ ಕಟ್ಟಿದ್ದರು.

ಕೆಳಗಿನ ಚೀಟಿ ಓದಿ ವರಲಕ್ಷ್ಮಿಯ ಮೈ ಉರಿಯಿತು. ‘ನಾವಿಕರು, ಅವರ ಅಡುಗೆಯವನ ಜೊತೆ.’ ಚೀಟಿ ಬರೆದ ಪುಣ್ಯಾತ್ಮರ ಕಣ್ಣಿಗೆ ಪೇಟ ಅಡುಗೆಯವನ ಟೋಪಿಯಾಗಿತ್ತು, ಪಂಚೆ ಏಪ್ರನ್ ಆಗಿತ್ತು! ಜಲಾಂತರ್ಗಾಮಿಯ ಉದ್ದ, ತೂಕ, ಎಂಜಿನ್ನಿನ ನಂಬರು ಎಲ್ಲ ಹುಡುಕಿ ಬರೆದವರಿಗೆ ಮನುಷ್ಯನೊಬ್ಬನ ಹೆಸರು ಹುಡುಕಬೇಕು ಅನ್ನಿಸಿರಲಿಲ್ಲ.

ಮನೆಯಲ್ಲಿದ್ದ ಅದೇ ಫೋಟೋದ ಪ್ರತಿಯನ್ನು ಅವಳು ಮ್ಯೂಸಿಯಮ್ಮಿನ ಅಧಿಕಾರಿಯ ಮೇಜಿನ ಮೇಲಿಟ್ಟಳು. ಹಿಂಬದಿಯಲ್ಲಿ ತಾತ ತಮ್ಮ ಅಮ್ಮನಿಗೆ ಕನ್ನಡದಲ್ಲಿ ಬರೆದು ಸಹಿ ಹಾಕಿದ್ದರು. ಆತ ತಿರುಗಿಸಿ ನೋಡಿ, ಮನೆಯವರು ಹೇಳಿದ್ದೆಲ್ಲ ದಾಖಲೆಯಾಗುವುದಿಲ್ಲ ಎಂದ. ಆದರೂ ತಪ್ಪನ್ನು ತೆಗೆಸುತ್ತೇನೆ ಎಂದು ನಗುನಗುತ್ತಾ ಮಾತು ಕೊಟ್ಟ. ವಾಪಸ್ ಬರುವಾಗ ದಾರಿಯುದ್ದಕ್ಕೂ ಅವಳು ಸಿಡಿಮಿಡಿಗುಟ್ಟಿದಳು. ಅಡುಗೆಯವರೆಂದರೆ ಕಮ್ಮಿಯೇನು ಎಂದು ಕೇಳಿದ ಗೋಪಿನಾಥ ಸರಿಯಾಗಿ ಬೈಸಿಕೊಂಡ.

ಎರಡು ತಿಂಗಳಿಗೆ, ತಪ್ಪು ಸರಿಪಡಿಸಿದ್ದೇವೆ ಎಂದು ಪತ್ರ ಬಂತು. ಇಬ್ಬರೂ ಮತ್ತೆ ಹೊರಟರು. ಚೀಟಿಯಲ್ಲಿ ಈಗ ಅಡುಗೆಯವನು ಇರಲಿಲ್ಲ. ಫೋಟೋದಲ್ಲಿ ತಾತನೂ ಇರಲಿಲ್ಲ. ನಾವಿಕರ ಸಾಲು ಮುಗಿಯುವಲ್ಲಿಗೆ ಕತ್ತರಿಸಿ ಹೊಸ ಕಟ್ಟು ಹಾಕಿಸಿದ್ದರು. ಕೊನೆಯ ನಾವಿಕನ ಹೆಗಲ ಮೇಲೆ ಯಾರದೋ ನಾಲ್ಕು ಬೆರಳು ಮಾತ್ರ ಉಳಿದಿದ್ದವು. ಈಗ ಯಾವ ತಕರಾರೂ ಇರಲಾರದು ಎಂದ ಅಧಿಕಾರಿ.

ವರಲಕ್ಷ್ಮಿಗೆ ಕೋಪ ನೆತ್ತಿಗೇರಿತು. ಗೋಪಿನಾಥ ಮೆಲ್ಲಗೆ ಅವಳ ತೋಳು ಹಿಡಿದ. “ಬಾರೇ, ಹೋಗೋಣ. ಮೇಲಿನವರಿಗೆ ಕಂಪ್ಲೇಂಟ್ ಮಾಡೋಣ.”

“ನಾನು ಬರಲ್ಲ ರೀ. ಅಡುಗೆಯವರು ಅಂತಾನೇ ಬರ್ಕೊಳ್ಳಲಿ. ಮೊದ್ಲು ನಮ್ಮ ತಾತನ್ನ ಅಲ್ಲಿ ವಾಪಸ್ ನಿಲ್ಲಿಸಕ್ಕೆ ಹೇಳಿ,” ಎಂದವಳೇ ಫೋಟೋದ ಮುಂದೆ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಳು.