ಕರೆವ್ವನ ಅಪ್ಪಣೆ

ಸಂಡೂರಿನಿಂದ ಹೊಸಪೇಟೆಗೆ ಅದಿರು ಹೊತ್ತ ಲಾರಿಗಳು ಓಡಿದಂತೆಲ್ಲ ಗವಿಮಲ್ಲಯ್ಯನ ಗುಡ್ಡ ಅದುರಿ, ಮೇಲೆಲ್ಲ ಕೆಂಪು ಧೂಳು ಕೂರುತ್ತಿತ್ತು. ಗುಡಿ ಕೆಂಪು, ಬಿಲ್ವಪತ್ರೆ ಕೆಂಪು. ಪೂಜಾರಿ ಗವಿಸಿದ್ದಪ್ಪ ಮುಂಜಾನೆ ಹಚ್ಚಿದ ವಿಭೂತಿಯೂ ಮಧ್ಯಾಹ್ನಕ್ಕೆ ಕುಂಕುಮ.

ಆ ಗುಡಿಯದೊಂದು ಪದ್ಧತಿ. ಗುಡ್ಡದಲ್ಲಿ ಯಾರೇ ಹೊಸ ಕೆಲಸ ಹಿಡಿದರೂ ಸಂಜೆ ಗುಡಿ ಮುಂದಿನ ಕಲ್ಲುಬಾನಿಯಲ್ಲಿ ಬೆಲ್ಲ, ಕೊಬ್ಬರಿ ಇಡಬೇಕು. ಗವಿಯ ಕರಡಿ ಕರೆವ್ವ ಇಳಿದು ಬಂದು ತಿಂದರೆ ದೇವರ ಅಪ್ಪಣೆ, ಮೂಸಿ ಹೋದರೆ ಇಲ್ಲ. ಆ ಲಾರಿಗಳ ಗುತ್ತಿಗೆದಾರ ಮನೋಹರನಿಗೆ ಗವಿ ಒಡೆದು ಹೊಸ ಲಾರಿ ದಾರಿ ಮಾಡಬೇಕಿತ್ತು. ಅಪ್ಪಣೆಯಿಲ್ಲದ ದಾರಿಗೆ ಅವನ ಡ್ರೈವರುಗಳು ಚಕ್ರ ಇಳಿಸುವವರಲ್ಲ. ಅಪ್ಪಣೆ ಸಿಕ್ಕಿತೋ, ಕರೆವ್ವನಿಗೆ ಮನೆಯಿಲ್ಲ.

ಅದಕ್ಕೇ ಗವಿಸಿದ್ದಪ್ಪ ಮುಂಜಾನೆಯೇ ಗವಿಯ ಬಾಯಲ್ಲಿ ಒಂದು ಪುಟ್ಟಿ ಬೆಲ್ಲ ಸುರಿದು ಬಂದಿದ್ದ. ತುಂಬಿದ ಹೊಟ್ಟೆ ಬೆಲ್ಲ ಮುಟ್ಟುತ್ತದೆಯೇ?

ಸಂಜೆ ಬಾನಿ ತುಂಬಿಸಿ ಮನೋಹರ್, ಡ್ರೈವರುಗಳು, ಪೂಜಾರಿ ಎಲ್ಲರೂ ಗುಡಿಯ ಗೋಡೆಯ ಮರೆಯಲ್ಲಿ ಕೂತರು. ಒಂದು ಕರಡಿ ಬಂತು. ಚಪ್ಪರಿಸಿ ತಿಂದಿತು.

"ತಿಂತು! ತಿಂತು!" ಮನೋಹರ್ ಕುಣಿದ.

"ನಿಲ್ರಿ ಸಾವ್ಕಾರ್ರ. ನಮ್ಮ ಕರೆವ್ವ ಕರ್ರಗದಾಳ. ಇದ್ಯಾವುದೋ ಕೆಂಪಂದು," ಅಂದ ಗವಿಸಿದ್ದಪ್ಪ.

"ಅದು ಲಾರಿ ಧೂಳ್ರಿ ಅಜ್ಜಾರ! ನಿಮ್ಮ ಧೋತ್ರ ನೋಡ್ಕೊಳ್ರಿ, ಅದೇನು ಬೆಳ್ಳಗೈತೇನು?"

ಗವಿಸಿದ್ದಪ್ಪ ಧೋತ್ರ ನೋಡಿಕೊಳ್ಳುವಷ್ಟರಲ್ಲಿ ಇನ್ನೊಂದು ಕರಡಿ ಇಳಿದು ಬಂತು. ಅದೂ ಕೆಂಪು, ಅದೇ ಗಾತ್ರ, ಅದೇ ಓಲಾಟ. ಬಾನಿಯಲ್ಲಿ ಉಳಿದ ಬೆಲ್ಲ ಮೂಸಿ, ಮುಖ ತಿರುಗಿಸಿ ಹೋಯಿತು. ಒಂದು ಹೂಂ ಅಂದಿತ್ತು, ಒಂದು ಊಹೂಂ. ಗವಿಸಿದ್ದಪ್ಪನ ತಲೆ ಗಿರ್ರೆಂದಿತು. ದಿನಾ ಕಂಡ ಮುಖವೇ ಗುರುತು ಸಿಗುತ್ತಿಲ್ಲವಲ್ಲ!

"ಎರಡರಾಗ ನಿಮ್ದ್ಯಾವುದು? ಆಣಿ ಮಾಡಿ ಹೇಳ್ರಿ," ಅಂದ ಮನೋಹರ್.

ಪೂಜಾರಿಯ ಹೆಂಡತಿ ಕೊಟ್ರಮ್ಮ ನಡುವೆ ಬಾಯಿ ಹಾಕಿದಳು. "ಮೂಸಿ ಹೋದದ್ದು ನಮ್ದ ಬಿಡ್ರಿ. ಮುಂಜಾನಿ ಒಂದು ಪುಟ್ಟಿ ಬೆಲ್ಲ ತಿಂದ ಹೊಟ್ಟಿ, ಮತ್ತ ಎಲ್ಲಿ ಹಿಡಿಸ್ತೈತಿ?"

ಗವಿಸಿದ್ದಪ್ಪ ಹೆಂಡತಿಯನ್ನು ಕಣ್ಣಲ್ಲೇ ಸುಟ್ಟ.

"ಪುಟ್ಟಿ ಬೆಲ್ಲ? ಮೋಸ! ಇದು ನಡ್ಯಂಗಿಲ್ಲ, ಮತ್ತೊಮ್ಮೆ ಕೇಳ್ರಿ!"

"ಕೇಳೋಣ್ರಿ," ಅಂದ ಗವಿಸಿದ್ದಪ್ಪ, ಬೆವರು ಒರೆಸಿಕೊಳ್ಳುತ್ತ. ಅಂಗೈ ಕೆಂಪಾಯಿತು. ಅದನ್ನೇ ನೋಡುತ್ತ ಮುಂದುವರಿಸಿದ. "ಆದರ ಕರೆವ್ವ ಯಾರಂತ ಗುರ್ತ ಹತ್ತಬೇಕಲ್ಲ? ಧೂಳ ಹೋಗಿ ಆಕಿ ಕರ್ರಗ ಕಾಣೋತನಕ ಲಾರಿ ನಿಲ್ಲಸ್ರಿ."

"ಬರೋಬ್ಬರಿ ಐತ್ರಿ," ಅಂದರು ಡ್ರೈವರುಗಳು.

ಮನೋಹರ್ ಬೆರಳು ಮಡಚತೊಡಗಿದ. ಲಾರಿ ಓಡಬೇಕೆಂದರೆ ಕರಡಿ ಕಪ್ಪಾಗಬೇಕು. ಕರಡಿ ಕಪ್ಪಾಗಬೇಕೆಂದರೆ ಲಾರಿ ನಿಲ್ಲಬೇಕು. ಆ ಕಡೆಯಿಂದ ಹಿಡಿದ, ಈ ಕಡೆಯಿಂದ ಹಿಡಿದ. ಬೆರಳು ಮುಗಿದವು.

ಗೆದ್ದೆನೋ ಸಿಕ್ಕಿಬಿದ್ದೆನೋ ತಿಳಿಯದೆ ಗವಿಸಿದ್ದಪ್ಪ ಪೊದೆಗಳತ್ತ ಮೆಲ್ಲಗೆ ಕರೆದ:

"ಕರೆವ್ವಾ?"

ಗುಡ್ಡದ ಎರಡೂ ಕಡೆಯಿಂದ ಗುರ್ ಎಂದಿತು.