ಕಿರುಚಾಟದಿಂದ ಹುಟ್ಟಿದ ಪದ

ಬಂದರುಕಟ್ಟೆಯ ಮೇಲಿನ ಇಕ್ಕಟ್ಟು ಕೋಣೆಯಲ್ಲಿ ಕೂತು, ಇಂಗ್ಲಿಷಿನಲ್ಲಿ ಬಂದ ಹವಾಮಾನದ ಸುದ್ದಿಯನ್ನು ತಿಳಿಯುವ ಮಾತಿಗೆ ತಿರುಗಿಸಿ ದೋಣಿಗಳ ರೇಡಿಯೋಗಳಿಗೆ ಹೇಳುವುದು ಮೈಕಿನಪ್ಪನ ಕೆಲಸ. ಬರೀ ಸುದ್ದಿ ಹೇಳುವುದೆಂದರೆ ಅವನಿಗೆ ಉಪ್ಪಿಲ್ಲದ ಊಟ ಬಡಿಸಿದಂತೆ. ಒಂದು ಪದ ಸಿಕ್ಕರೆ ಸಾಕು, ಅದರ ತವರುಮನೆಯಿಂದಲೇ ಶುರು.

"ಕ್ಲೌಡ್ ಅಂದ್ರೆ ಈಗ ಮೋಡ. ಹಿಂದೆ ಇಂಗ್ಲಿಷಿನ ಜನ ಬಂಡೆಗುಡ್ಡಕ್ಕೆ ಹಾಗನ್ನೋರು. ಆಕಾಶದಲ್ಲೂ ಗುಡ್ಡ ಕಂಡ್ರೇನೋ! ಇನ್ನು ವಿಂಡೋ ಅಂದ್ರೆ ಗಾಳಿಯ ಕಣ್ಣು..."

"ಮಾವಾ, ಕಣ್ಣು ಮೂಗು ಆಮೇಲಾಯ್ತು. ಬಲೆ ಬಿಡ್ಲೋ ಬೇಡ್ವೋ, ಅದನ್ನ ಹೇಳಿ," ಎಂದು ಅಳಿಯ ದೋಣಿಯಿಂದಲೇ ಛೇಡಿಸುವನು. ಮೈಕಿನಪ್ಪನಿಗೆ ಒಳಗೊಳಗೇ ಹಿಗ್ಗು.

ಬರಬರುತ್ತಾ ದೋಣಿಯವರು ಒಂದು ರೂಢಿ ಮಾಡಿಕೊಂಡರು. ಪದದ ಪುರಾಣ ಎತ್ತಿದೊಡನೆ ರೇಡಿಯೋದ ಕಿವಿ ಹಿಂಡಿ ದನಿ ಇಳಿಸುವುದು, ಚಹಾ ಕುಡಿದು ಮತ್ತೆ ಏರಿಸುವುದು. ಸುದ್ದಿ ಹೇಗೂ ಕೊನೆಗೇ ತಾನೆ. ಇದೊಂದು ಮೈಕಿನಪ್ಪನಿಗೆ ಗೊತ್ತಿರಲಿಲ್ಲ.

ಆ ಮಧ್ಯಾಹ್ನ ಸುದ್ದಿ ಬಂದದ್ದೇ ತಡವಾಗಿ. ದಿಢೀರನೆ ಎರಗುವ ಬಿರುಗಾಳಿಯ ಎಚ್ಚರಿಕೆ ಅದು. ಯಾರೂ ಹಗುರವಾಗಿ ತಗೊಳ್ಳಬಾರದು ಎಂದುಕೊಂಡು ಮೈಕಿಗೆ ಬಾಯಿಟ್ಟ.

"ಸ್ಕ್ವಾಲ್! ಈ ಪದ ಹುಟ್ಟಿದ್ದೇ ಕಿರುಚಾಟದಿಂದ ಅಂತಾರೆ. ಗಾಳಿ ಕಿರುಚ್ಕೊಂಡು ಬರ್ತಿದೆ ಕಣ್ರಪ್ಪಾ, ತಿರುಗಿ ಬನ್ನಿ! ಎಲ್ರೂ ಈಗ್ಲೇ ತಿರುಗಿ ಬನ್ನಿ!"

ಅಷ್ಟೇ. ಅಂದು ಅವನು ಪುರಾಣ ಬೆಳೆಸಲಿಲ್ಲ. ಗಂಟಲು ಹರಿಯುವಂತೆ ಅದನ್ನೇ ಹೇಳಿದ, ಅಳಿಯನ ಹೆಸರು ಹಿಡಿದು ಕರೆದ. ಅತ್ತಲಿಂದ ಹೂಂ ಇಲ್ಲ, ಉಹೂಂ ಇಲ್ಲ.

ಮಾರನೆಯ ದಿನ, ಮುರಿದ ದೋಣಿಯಲ್ಲಿ ಹೇಗೋ ದಡ ಸೇರಿದ ಮುದಿ ಚುಕ್ಕಾಣಿಗಾರ ಬಾಗಿಲಲ್ಲಿ ನಿಂತ.

"ನಿನ್ನಳಿಯನ ದೋಣಿ ಪಕ್ಕದಲ್ಲೇ ಇದ್ವಿ ಮೈಕಿನಪ್ಪಾ. ನೀನು ಪದದ ಹುಟ್ಟು ಅಂದದ್ದೇ ತಡ, ಅವನು ನಕ್ಕ. 'ಮಾವ ಶುರು ಹಚ್ಕೊಂಡ್ರು, ಚಹಾ ಇಡ್ರೋ' ಅಂದ. ನಾವೂ ನಕ್ಕು ದನಿ ಇಳಿಸಿದ್ವಿ. ಚಹಾ ಕುದಿಯೋಕೂ ಬಿಡ್ಲಿಲ್ಲ ಗಾಳಿ. ಅವನ ದೋಣಿ ಮತ್ತೆ ಕಾಣ್ಲಿಲ್ಲ."

ಮೈಕಿನಪ್ಪ ಮಗಳ ಮನೆಗೆ ನಡೆದ. ಮಗಳು ಅಡುಗೆಮನೆಯ ನೆಲದ ಮೇಲೆ ಕೂತಿದ್ದಳು. ಗೂಡಿನಲ್ಲಿದ್ದ ರೇಡಿಯೋ ಬರೀ ಗೊರಗೊರ ಎನ್ನುತ್ತಿತ್ತು.

"ನಾನು ಪೂರ್ತಿ ಕೇಳಿಸ್ಕೊಂಡೆ ಅಪ್ಪಾ," ಎಂದಳು. "ನಾನು ಯಾವತ್ತೂ ದನಿ ಇಳಿಸ್ದವಳಲ್ಲ. ನಿನ್ನೆ ನೀನು ತಿರುಗಿ ಬನ್ನಿ ಅಂದ ಕೂಡ್ಲೇ, ನೆನ್ಕೊಂಡು ಬರ್ತಾರೆ ಅಂತ ಸ್ನಾನಕ್ಕೆ ನೀರಿಟ್ಟೆ."

ಒಲೆಯ ಮೇಲೆ ನೀರು ಇಂಗಿ, ಪಾತ್ರೆಯ ತಳ ಸೀದು ಕರ್ರಗಾಗಿತ್ತು. ಅವಳು ಅದನ್ನೂ ಇಳಿಸಿರಲಿಲ್ಲ.